ಕೆಂಪು ಮೇಲೆ, ಬಿಳಿ ಕೆಳಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಇಂಡೊನೇಷ್ಯಾದ ಬಾವುಟವನ್ನು ನೀವು ಟೀವಿಯಲ್ಲೋ ಆಟದ ಮೈದಾನದಲ್ಲೋ ನೋಡಿರುತ್ತೀರಿ. ಮೇಲೆ ಕೆಂಪು, ಕೆಳಗೆ ಬಿಳಿ, ಅಷ್ಟೇ. ಚಕ್ರ ಇಲ್ಲ, ನಕ್ಷತ್ರ ಇಲ್ಲ, ಚಂದ್ರ ಇಲ್ಲ. ಹದಿನೇಳು ಸಾವಿರ ದ್ವೀಪ, ನೂರಾರು ಭಾಷೆ ಇರುವ ದೇಶಕ್ಕೆ ಎರಡು ತುಂಡು ಬಟ್ಟೆ ಸಾಕಾಗಿದೆ. ನನಗಂತೂ ಅದೇ ಇದರ ಜಾಣತನ ಅನ್ನಿಸುತ್ತದೆ. ಇಷ್ಟು ಸರಳವಾಗಿರುವುದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಬೇಕಾದಾಗ ಬಿಚ್ಚಬಹುದು, ಮತ್ತೆ ಹೊಲಿಯಬಹುದು. ಇವೆಲ್ಲ ನಿಜವಾಗಿಯೂ ನಡೆದಿವೆ.

ಮೊದಲು ಹೊಲಿದವರ ವಿಷಯ. ಆಕೆಯ ಹೆಸರು ಫತ್ಮಾವತಿ, ಮುಂದೆ ಇಂಡೊನೇಷ್ಯಾದ ಮೊದಲ ಅಧ್ಯಕ್ಷರಾದ ಸುಕಾರ್ನೊ ಅವರ ಹೆಂಡತಿ. 1944ರ ಮಾತು. ದೇಶ ಜಪಾನಿಯರ ಕೈಯಲ್ಲಿತ್ತು. ಎರಡು ವರ್ಷದಿಂದ ಕೆಂಪು ಬಿಳಿ ಬಾವುಟ ಹಾರಿಸುವ ಹಾಗಿರಲಿಲ್ಲ. ಆದರೆ ಯುದ್ಧದಲ್ಲಿ ಸೋಲು ಕಾಣತೊಡಗಿದಾಗ ಜಪಾನಿನ ಪ್ರಧಾನಿ ಕೊಯಿಸೊ ಆ ಸೆಪ್ಟೆಂಬರಿನಲ್ಲಿ, ಮುಂದೆ ನಿಮಗೆ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಮಾತು ಕೊಟ್ಟರು. ತಮ್ಮ ಸೂರ್ಯನ ಬಾವುಟದ ಪಕ್ಕದಲ್ಲಿ ಕೆಂಪು ಬಿಳಿಯೂ ಹಾರಲಿ ಎಂದರು.

ಸರಿ, ಬಾವುಟ ಹೊಲಿಯಬೇಕು. ಬಟ್ಟೆ ಎಲ್ಲಿ? ಆ ಕಾಲದ ಜಾವಾದಲ್ಲಿ ಬಟ್ಟೆಗೆ ಎಂಥ ಬರ ಎಂದರೆ ಹಳ್ಳಿಯ ಬಡವರು ಗೋಣಿಚೀಲ ಸುತ್ತಿಕೊಂಡು ಓಡಾಡುತ್ತಿದ್ದರು. ಕೊನೆಗೆ ಶಿಮಿಜು ಎಂಬ ಜಪಾನಿ ಅಧಿಕಾರಿಯೇ ಕೆಂಪು ಬಿಳಿ ಹತ್ತಿ ಬಟ್ಟೆ ಹೊಂದಿಸಿದರು. ಚೈರುಲ್ ಬಸ್ರಿ ಎಂಬ ತರುಣ ಅದನ್ನು ಮನೆಗೆ ತಲುಪಿಸಿದ. ಫತ್ಮಾವತಿಗೆ ಆಗ ಇಪ್ಪತ್ತೊಂದು ವರ್ಷ, ತುಂಬಿದ ಬಸುರಿ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಬೇಡ ಎಂದು ಕೈಯಲ್ಲಿ ತಿರುಗಿಸುವ ಮೆಷಿನ್‌ನಲ್ಲೇ ಹೊಲಿದರು. ಹೊಲಿದ ಬಾವುಟ ಸಣ್ಣದಲ್ಲ. ಅಗಲ ಎರಡು ಮೀಟರ್, ಉದ್ದ ಮೂರಕ್ಕೆ ಸ್ವಲ್ಪ ಕಡಿಮೆ.

ಅದಕ್ಕೆ ಕೆಲಸ ಬಂದದ್ದು 1945ರ ಆಗಸ್ಟ್ 17ರಂದು. ಶುಕ್ರವಾರ, ರಂಜಾನ್ ಉಪವಾಸದ ತಿಂಗಳು. ಜಕಾರ್ತದ ಪೆಗಾಂಗ್ಸಾನ್ ತಿಮೂರ್ ಬೀದಿ, 56ನೇ ನಂಬರಿನ ಸುಕಾರ್ನೊ ಅವರ ಮನೆ. ಮನೆಯ ಮುಂದೆ ಬಾವುಟ ಏರಿಸಲು ಕಂಬ ಇರಲಿಲ್ಲ. ಸುಹುದ್ ಎಂಬ ಹುಡುಗ ಹಿತ್ತಲಿಗೆ ಹೋಗಿ ಒಂದು ಬಿದಿರು ಹುಡುಕಿ, ಕೆತ್ತಿ, ಹಗ್ಗ ಕಟ್ಟಿ ನೆಟ್ಟ. ಬೆಳಗ್ಗೆ ಹತ್ತರ ಹೊತ್ತಿಗೆ ಸುಕಾರ್ನೊ ಸ್ವಾತಂತ್ರ್ಯದ ಘೋಷಣೆ ಓದಿದರು. ಬಾವುಟ ಏರಿಸಲು ತ್ರಿಮೂರ್ತಿ ಎಂಬ ಹೋರಾಟಗಾರ್ತಿಯನ್ನು ಕೇಳಿದರೆ, ‘ಇದು ಸೈನಿಕರ ಕೆಲಸ’ ಎಂದುಬಿಟ್ಟರು. (ಹೌದು, ಅಲ್ಲಿ ತ್ರಿಮೂರ್ತಿ ಹೆಂಗಸಿನ ಹೆಸರೂ ಆಗುತ್ತದೆ.) ಸಮವಸ್ತ್ರದಲ್ಲಿದ್ದ ಲತೀಫ್ ಹೆಂದ್ರನಿಂಗ್ರಾತ್ ಮುಂದೆ ಬಂದರು. ಸುಹುದ್ ಜೊತೆಗೆ ನಿಂತ. ಸೇರಿದ್ದವರೆಲ್ಲ ‘ಇಂಡೊನೇಷ್ಯಾ ರಾಯಾ’ ಎಂಬ ನಾಡಗೀತೆ ಹಾಡುತ್ತಿರಲು ಬಾವುಟ ಮೇಲೇರಿತು.

ಇದಾಗಿ ತಿಂಗಳು ಕಳೆದ ಮೇಲೆ ಸುರಬಾಯ ನಗರದಲ್ಲಿ ಇನ್ನೊಂದು ನಡೆಯಿತು. ಅಲ್ಲಿ ಒಂದು ದೊಡ್ಡ ಹೋಟೆಲು. 1910ರಲ್ಲಿ ಸಾರ್ಕೀಸ್ ಮನೆತನದವರು ಕಟ್ಟಿಸಿದ್ದು. ಡಚ್ಚರ ಕಾಲದಲ್ಲಿ ಅದರ ಹೆಸರು ಒರಾನಿಯೆ, ಜಪಾನಿಯರ ಕಾಲದಲ್ಲಿ ಯಮಾತೊ. ಜಪಾನ್ ಸೋತಿದೆ, ಇನ್ನೇನು ಹಳೆಯ ದೊರೆತನ ಮರಳಿತು ಎಂದುಕೊಂಡ ಕೆಲವು ಡಚ್ಚರು ಹೋಟೆಲಿನ ಮೇಲೆ ತಮ್ಮ ಬಾವುಟ ಏರಿಸಿದರು. ಕೆಂಪು, ಬಿಳಿ, ನೀಲಿ. 1945ರ ಸೆಪ್ಟೆಂಬರ್ 19ರಂದು ಊರಿನ ಜನ ಅಲ್ಲಿ ಮುತ್ತಿಕೊಂಡರು. ಒಳಗೆ ಮಾತುಕತೆ ಮುರಿದುಬಿತ್ತು, ಹೊಡೆದಾಟ ಆಯಿತು, ಪ್ಲುಖ್‌ಮನ್ ಎಂಬ ಡಚ್ ಮುಖಂಡ ಸತ್ತ. ಅಷ್ಟರಲ್ಲಿ ಒಂದಿಷ್ಟು ಹುಡುಗರು ಮೇಲೆ ಹತ್ತಿದ್ದರು. ಹೊಸ ಬಾವುಟ ತಂದಿದ್ದರೇ? ಇಲ್ಲ. ಡಚ್ ಬಾವುಟ ಇಳಿಸಿ, ಕೆಳಗಿನ ನೀಲಿ ಪಟ್ಟಿಯನ್ನು ಪರ್ರನೆ ಹರಿದರು. ಉಳಿದದ್ದನ್ನು ಅದೇ ಕಂಬಕ್ಕೆ ಮತ್ತೆ ಏರಿಸಿದರು. ಉಳಿದದ್ದು ಏನು? ಕೆಂಪು ಮತ್ತು ಬಿಳಿ! ಮೂರು ಶತಮಾನಕ್ಕೂ ಜಾಸ್ತಿ ಡಚ್ಚರ ಬಾವುಟ ಕಂಡ ನಾಡಿಗೆ ಅದರೊಳಗೇ ತನ್ನದು ಸಿಕ್ಕಿತು. ಆ ಹೋಟೆಲು ಈಗಲೂ ನಡೆಯುತ್ತಿದೆ, ಹೆಸರು ಮಾತ್ರ ಮಜಾಪಹಿತ್.

ಮಜಾಪಹಿತ್ ಎಂದರೆ ಜಾವಾದ ಹಳೆಯ ದೊಡ್ಡ ಹಿಂದೂ ಬೌದ್ಧ ರಾಜ್ಯ. 1294ರ ಕುದಾದು ಶಾಸನದಲ್ಲೇ ಕೆಂಪು ಬಿಳಿ ಬಾವುಟಗಳ ಮಾತು ಬರುತ್ತದೆ. ತಮಾಷೆ ಏನೆಂದರೆ, ಅಲ್ಲಿ ಆ ಬಾವುಟ ಹಿಡಿದು ಬಂದವರು ಮಜಾಪಹಿತ್ ಕಟ್ಟಿದ ರಾಜನ ಶತ್ರುಗಳು. ಮಜಾಪಹಿತ್‌ನದು ಎನ್ನುವ ಕೆಂಪು ಬಿಳಿ ಒಂಬತ್ತು ಪಟ್ಟೆಗಳ ಬಾವುಟವನ್ನು ಇಂದಿನ ಇಂಡೊನೇಷ್ಯಾ ನೌಕಾಪಡೆ ಹಡಗಿನ ಮುಂಭಾಗದಲ್ಲಿ ಹಾರಿಸುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಮೊಹಮ್ಮದ್ ಯಾಮಿನ್ ಎಂಬ ನಾಯಕರು ಈ ಬಣ್ಣಗಳಿಗೆ ಆರು ಸಾವಿರ ವರ್ಷದ ಚರಿತ್ರೆ ಇದೆ ಎಂದೇ ಬರೆದರು. ಅದು ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಜಾವಾದ ಮನೆಗಳಲ್ಲಿ ಮಗುವಿಗೆ ಹೆಸರಿಡುವ ದಿನ ಬಿಳಿ ಅಕ್ಕಿ ಗಂಜಿ, ಜೊತೆಗೆ ತಾಳೆಬೆಲ್ಲ ಹಾಕಿದ ಕೆಂಪು ಗಂಜಿ ಮಾಡುವುದು ಇವತ್ತಿಗೂ ಉಂಟು. ಬಾವುಟಕ್ಕಿಂತ ಮೊದಲೇ ಈ ಜೋಡಿ ಅಡುಗೆಮನೆಯಲ್ಲಿತ್ತು. ರಾಜಕೀಯಕ್ಕೆ ಅದನ್ನು ತಂದವರು 1920ರ ದಶಕದಲ್ಲಿ ಹಾಲೆಂಡಿನಲ್ಲಿ ಓದುತ್ತಿದ್ದ ಇಂಡೊನೇಷ್ಯಾದ ವಿದ್ಯಾರ್ಥಿಗಳು. ಅವರ ಬಾವುಟದ ನಡುವೆ ಒಂದು ಕೋಣದ ತಲೆಯೂ ಇತ್ತು. ಆಮೇಲೆ ತಲೆ ಹೋಯಿತು, ಬಣ್ಣ ಉಳಿಯಿತು.

ಈಗ ಬಿಚ್ಚಿದ ಕತೆ. 1948ರ ಡಿಸೆಂಬರ್ 19. ಆಗ ಗಣರಾಜ್ಯದ ರಾಜಧಾನಿ ಯೋಗ್ಯಕರ್ತ. ದೇಶವನ್ನು ಮತ್ತೆ ಕೈವಶ ಮಾಡಿಕೊಳ್ಳಲು ಹೊರಟಿದ್ದ ಡಚ್ಚರ ಸೇನೆ ಊರಿನ ಮೇಲೆ ಬಿತ್ತು. ಸೆರೆಯಾಗುವುದು ಖಂಡಿತ ಎಂದಾದಾಗ ಸುಕಾರ್ನೊ ತಮ್ಮ ಸಹಾಯಕ ಹುಸೇನ್ ಮುತಹಾರ್ ಅವರನ್ನು ಕರೆದು ಫತ್ಮಾವತಿ ಹೊಲಿದ ಬಾವುಟವನ್ನು ಕೈಗಿತ್ತರು, ಇದನ್ನು ಪ್ರಾಣ ಕೊಟ್ಟಾದರೂ ಕಾಪಾಡು ಎಂದರು. ಮುತಹಾರ್ ಯೋಚಿಸಿದರು. ಸಿಕ್ಕಿಬಿದ್ದರೆ ಬಾವುಟ ಕಸಿದುಕೊಳ್ಳುತ್ತಾರೆ. ಆದರೆ ಕೆಂಪು ಬಟ್ಟೆ ಒಂದು ಕಡೆ, ಬಿಳಿ ಬಟ್ಟೆ ಒಂದು ಕಡೆ ಇದ್ದರೆ? ಅದು ಬಾವುಟವೇ ಅಲ್ಲ, ಅಲ್ವಾ! ಒಬ್ಬ ಹೆಂಗಸಿನ ಸಹಾಯದಿಂದ ನಡುವಿನ ಹೊಲಿಗೆಯ ದಾರ ಬಿಚ್ಚಿ, ಎರಡು ತುಂಡುಗಳನ್ನು ಎರಡು ಚೀಲದಲ್ಲಿ ತಮ್ಮ ಬಟ್ಟೆಬರೆಯ ಅಡಿಯಲ್ಲಿ ತುರುಕಿದರು. ಅವರನ್ನೂ ಡಚ್ಚರು ಹಿಡಿದು ಸೆಮರಾಂಗ್‌ಗೆ ಒಯ್ದರು. ಅಲ್ಲಿಂದ ತಪ್ಪಿಸಿಕೊಂಡು ಹಡಗು ಹತ್ತಿ ಜಕಾರ್ತ ಸೇರಿದರು.

1949ರ ಜೂನ್‌ನಲ್ಲಿ, ಬಾಂಕಾ ದ್ವೀಪದಲ್ಲಿ ಸೆರೆಯಲ್ಲಿದ್ದ ಸುಕಾರ್ನೊ ಬಾವುಟ ಕಳಿಸಲು ಗುಟ್ಟಾಗಿ ಹೇಳಿಕಳಿಸಿದರು. ಮುತಹಾರ್ ಯಾರದೋ ಮನೆಯ ಮೆಷಿನ್ ಎರವಲು ತಂದು, ಹಳೆಯ ಸೂಜಿತೂತುಗಳಲ್ಲೇ ಮತ್ತೆ ಹೊಲಿದರು. ತುದಿಯಲ್ಲಿ ಎರಡು ಸೆಂಟಿಮೀಟರಿನಷ್ಟು ತಪ್ಪಿತು ಎಂದು ಅವರೇ ಹೇಳಿದ್ದಾರೆ. ಆಮೇಲೆ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಳಿಸಿದರು. ಆ ಎರಡು ಸೆಂಟಿಮೀಟರು ನನಗೆ ಬಹಳ ಇಷ್ಟ.

ಇದೇ ಮುತಹಾರ್ ಮುಂದೆ ಆಗಸ್ಟ್ 17ರ ಧ್ವಜಾರೋಹಣದ ದಳವನ್ನು ರೂಪಿಸಿದರು. ಮೂರು ಗುಂಪು. ಹದಿನೇಳು ಜನ, ಎಂಟು ಜನ, ನಲವತ್ತೈದು ಜನ. ಸಾಲಾಗಿ ಓದಿದರೆ 17-8-45, ಸ್ವಾತಂತ್ರ್ಯದ ತಾರೀಖು. ಪ್ರಾಂತ್ಯಗಳಿಂದ ಆರಿಸಿ ಬಂದ ಹೈಸ್ಕೂಲು ದಾಟಿದ ವಯಸ್ಸಿನ ಹುಡುಗ ಹುಡುಗಿಯರು ಅದರಲ್ಲಿ ಇರುತ್ತಾರೆ. ಅವರು ಏರಿಸುವುದು ಈಗ ಮೂಲ ಬಾವುಟವನ್ನಲ್ಲ. 1968ರ ಹೊತ್ತಿಗೆ ಅದು ಪೂರ್ತಿ ಜೀರ್ಣವಾಗಿತ್ತು. ಮರುವರ್ಷದಿಂದ ರೇಷ್ಮೆಯ ಪ್ರತಿಕೃತಿ ಹಾರುತ್ತಿದೆ. ಅಲ್ಲಿನ 2009ರ ಕಾನೂನು ಇನ್ನೂ ಬಿಗಿಯಾಗಿತ್ತು. ಹರಿದ, ಬಣ್ಣ ಮಾಸಿದ ಬಾವುಟವನ್ನು ಬೇಕೆಂದೇ ಹಾರಿಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಕೋಟಿ ರೂಪಿಯಾವರೆಗೆ ದಂಡ ಎಂದು ಅದು ಹೇಳಿತ್ತು. ರೂಪಿಯಾ ನಮ್ಮ ರೂಪಾಯಿಯಲ್ಲ, ಗಾಬರಿ ಬೇಡ.

ಇಷ್ಟು ಸರಳ ಬಾವುಟಕ್ಕೆ ತಾಪತ್ರಯವೂ ಇದೆ. ಯುರೋಪಿನ ಪುಟ್ಟ ದೇಶ ಮೊನಾಕೊದ ಬಾವುಟ ಇದೇ ಬಣ್ಣ, ಇದೇ ಕ್ರಮ, 1881ರಿಂದ. ಅದು ಕೊಂಚ ಗಿಡ್ಡ, ಅಗಲ ನಾಲ್ಕಾದರೆ ಉದ್ದ ಐದು. ಇಂಡೊನೇಷ್ಯಾದ್ದು ಎರಡಕ್ಕೆ ಮೂರು. ತಲೆಕೆಳಗು ಮಾಡಿದರೆ ಪೋಲೆಂಡ್. 2017ರಲ್ಲಿ ಕ್ವಾಲಾಲಂಪುರದ ಆಗ್ನೇಯ ಏಷ್ಯಾ ಕ್ರೀಡಾಕೂಟದ ಪುಸ್ತಕದಲ್ಲಿ ಹೀಗೇ ಅಚ್ಚಾಗಿ, ಮಲೇಷ್ಯಾದ ಕ್ರೀಡಾ ಮಂತ್ರಿ ಕ್ಷಮೆ ಕೇಳಬೇಕಾಯಿತು.

ಎಲ್ಲರೂ ಈ ಬಾವುಟದಡಿ ಖುಷಿಯಾಗಿದ್ದಾರೆ ಎಂದೇನೂ ಅಲ್ಲ. ನ್ಯೂಗಿನಿ ದ್ವೀಪದ ಪಶ್ಚಿಮ ಭಾಗವಾದ ಪಪುವಾದಲ್ಲಿ ಡಚ್ಚರ ಆಡಳಿತವಿದ್ದಾಗಲೇ, 1961ರ ಡಿಸೆಂಬರ್ 1ರಂದು, ‘ಬೆಳ್ಳಿಚುಕ್ಕಿ’ಯ ಬಾವುಟ ಹಾರಿತ್ತು. ನೀಲಿ ಬಿಳಿ ಪಟ್ಟೆ, ಪಕ್ಕದಲ್ಲಿ ಕೆಂಪು, ಅದರ ಮೇಲೆ ಒಂದು ಬಿಳಿ ನಕ್ಷತ್ರ. 1963ರಲ್ಲಿ ಆ ಸೀಮೆ ಇಂಡೊನೇಷ್ಯಾದ ಆಡಳಿತಕ್ಕೆ ಬಂತು. ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್ ಅವರ ಕಾಲದಲ್ಲಿ ಮಾತ್ರ, ಕೆಂಪು ಬಿಳಿಗಿಂತ ಕೆಳಗಿದ್ದರೆ ಇದೂ ಹಾರಲಿ ಎಂಬ ಸಡಿಲಿಕೆ ಇತ್ತು. ಅವರ ಕಾಲ ಮುಗಿದ ಮೇಲೆ, 2004ರಲ್ಲಿ, ಬೆಳ್ಳಿಚುಕ್ಕಿಯ ಬಾವುಟ ಏರಿಸಿದ್ದಕ್ಕೆ ಫಿಲೆಪ್ ಕರ್ಮ ಎಂಬ ಹೋರಾಟಗಾರನಿಗೆ ಹದಿನೈದು ವರ್ಷದ ಶಿಕ್ಷೆಯಾಯಿತು. ಬಿಡುಗಡೆ 2015ರಲ್ಲಿ. ಒಂದು ಬಾವುಟಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಜೈಲು ಎಂದರೆ ಅತಿಯಾಯಿತು, ನನ್ನ ಮಟ್ಟಿಗೆ.

2025ರ ಆಗಸ್ಟ್‌ನಲ್ಲಿ ಇನ್ನೊಂದು ವಿಚಿತ್ರ. ಸ್ವಾತಂತ್ರ್ಯ ದಿನಕ್ಕೆ ಮುಂಚೆ ಲಾರಿಗಳ ಮೇಲೆ, ಮನೆಗಳ ಮುಂದೆ ‘ಒನ್ ಪೀಸ್’ ಎಂಬ ಜಪಾನಿ ಕಾಮಿಕ್ಸಿನ ಕಡಲ್ಗಳ್ಳರ ಬಾವುಟ ಕಾಣಿಸಿತು. ಹುಲ್ಲಿನ ಟೋಪಿ ಹಾಕಿದ ತಲೆಬುರುಡೆ! ಸರಕಾರದ ಮೇಲಿನ ಸಿಟ್ಟನ್ನು ಜನ ಹೀಗೆ ತೋರಿಸಿದರು. ದೇಶ ಒಡೆಯುವ ಹುನ್ನಾರ ಎಂದು ಕೆಲವು ರಾಜಕಾರಣಿಗಳು ಗುಡುಗಿದರು. ಅದನ್ನು ಹಾರಿಸಿದ ಎಷ್ಟೋ ಮಂದಿ ಮಾತ್ರ ತುಂಬ ಹುಷಾರು. ಮೇಲೆ ಕೆಂಪು ಬಿಳಿ, ಅದರ ಕೆಳಗೆ ತಲೆಬುರುಡೆ.

ಇಲ್ಲಿಗೆ ನನ್ನ ಮಾತು ಮುಗಿಯಿತು. ನಮಸ್ಕಾರ.