ಫಿಲ್ಟರ್ ಇದ್ದರೂ ನೀರು ಯಾಕೆ ಬದಲಿಸಬೇಕು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ಸಮುದ್ರದ ಮೀನು ಸಾಕುವವರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. "ಸಾರ್, ಒಳ್ಳೆ ಫಿಲ್ಟರ್ ಹಾಕಿದ್ದೀನಿ. ನೀರು ಕನ್ನಡಿ ಥರ ಇದೆ. ಮತ್ತೆ ಯಾಕೆ ಬದಲಿಸಬೇಕು?" ಉತ್ತರ ಇಷ್ಟೇ. ಫಿಲ್ಟರ್ ಕೊಳೆಯನ್ನು ಪೂರ್ತಿ ಹೊರಗೆ ಹಾಕುವುದಿಲ್ಲ. ಬಹುಪಾಲನ್ನು ಬೇರೆ ರೂಪಕ್ಕೆ ತಿರುಗಿಸಿ ಅಲ್ಲೇ ಬಿಡುತ್ತದೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ ಆಗುತ್ತದೆ. ತೊಟ್ಟಿಯ ಕಲ್ಲು, ಫಿಲ್ಟರ್ ಒಳಗಿನ ಸ್ಪಂಜು, ಸೆರಾಮಿಕ್ ರಿಂಗ್ ಮೇಲೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ವಿಷವಲ್ಲ. ಆದರೆ ಅದು ನೀರಿನಲ್ಲೇ ಸೇರುತ್ತಾ ಹೋಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ.

ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಾಳಾಗಲು ಐದು ನಿಮಿಷ ಸಾಕು. ಹಲವು ವರ್ಷಗಳ ಹಿಂದೆ ನನ್ನ 100 ಲೀಟರಿನ ತೊಟ್ಟಿಯ ರಿಂಗ್‌ಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಗಲೀಜು ಅಂದುಕೊಂಡು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅಲ್ವಾ? ಬ್ಯಾಕ್ಟೀರಿಯಾ ಸತ್ತವು, ಅಮೋನಿಯಾ ಏರಿತು. ಮೂರೇ ದಿನದಲ್ಲಿ ಎರಡು ಕ್ಲೌನ್‌ಫಿಶ್ ಸತ್ತವು. ಅವು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಅವತ್ತಿನಿಂದ ರಿಂಗ್‌ಗಳನ್ನು ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲೇ ಮೆಲ್ಲಗೆ ಅದ್ದಿ ತೆಗೆಯುತ್ತೇನೆ. ಸಮುದ್ರದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8.2ರ ಹತ್ತಿರ ಇರುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಹಾಗಾಗಿ ಸಿಹಿನೀರಿನ ತೊಟ್ಟಿಯಲ್ಲಿ ತಡೆದುಕೊಳ್ಳಬಹುದಾದ ತಪ್ಪು ಇಲ್ಲಿ ಮೀನಿನ ಜೀವ ತೆಗೆಯುತ್ತದೆ.

ಕೊಳೆಯನ್ನು ನಿಜವಾಗಿ ಹೊರಗೆ ತೆಗೆಯುವ ಸಾಧನವೂ ಒಂದಿದೆ, ಪ್ರೋಟೀನ್ ಸ್ಕಿಮ್ಮರ್. ಬೆಳ್ಳಂದೂರು ಕೆರೆಯ ನೊರೆಯನ್ನು ನಾವೆಲ್ಲ ನೋವಿನಿಂದ ನೋಡಿದ್ದೇವೆ. ಚರಂಡಿ ನೀರಿನಲ್ಲಿರುವ ಸೋಪು, ಕೊಳೆ ಗುಳ್ಳೆಗಳ ಮೈಗೆ ಅಂಟಿ ಮೇಲೇಳುತ್ತವೆ. ಸ್ಕಿಮ್ಮರ್ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಅದೇ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರದೆ ಸಣ್ಣಗೇ ಉಳಿಯುತ್ತವೆ. ಅದಕ್ಕೇ ಇದು ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೊಳೆ ಅಮೋನಿಯಾ ಆಗುವ ಮೊದಲೇ ನೊರೆಯ ಜೊತೆ ಸ್ಕಿಮ್ಮರ್ ಮೇಲಿನ ಕಪ್‌ಗೆ ಬಂದು ಬೀಳುತ್ತದೆ. ಆದರೆ ಆಗಲೇ ನೀರಿನಲ್ಲಿ ಕರಗಿರುವ ನೈಟ್ರೇಟನ್ನು ಸ್ಕಿಮ್ಮರ್ ಹಿಡಿಯಲಾರದು.

ಈಗ ಸ್ವಲ್ಪ ಲೆಕ್ಕ. ನಿಮ್ಮ ತೊಟ್ಟಿಯಲ್ಲಿ ವಾರಕ್ಕೆ 5 ಪಿಪಿಎಂ, ಅಂದರೆ ಲೀಟರಿಗೆ 5 ಮಿಲಿಗ್ರಾಂ, ನೈಟ್ರೇಟ್ ಸೇರುತ್ತದೆ ಅಂದುಕೊಳ್ಳಿ. ವಾರಕ್ಕೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿದರೆ ಅದು ಕೊನೆಗೆ 50ರ ಹತ್ತಿರ ಬಂದು ನಿಲ್ಲುತ್ತದೆ. ಇಪ್ಪತ್ತರಷ್ಟು ಬದಲಿಸಿದರೆ 25. ಎಷ್ಟು ವರ್ಷ ಮಾಡಿದರೂ ಸೊನ್ನೆಗೆ ಬರುವುದಿಲ್ಲ. ನಿಮ್ಮ ಅಂಕಿ ಜಾಸ್ತಿ ಇದ್ದರೆ ಮೊದಲು ಆಹಾರ ಕಡಿಮೆ ಮಾಡಿ. ಮೂರು ತಿಂಗಳು ಸುಮ್ನೆ ಬಿಟ್ಟು ಒಂದೇ ದಿನ ಅರ್ಧ ತೊಟ್ಟಿ ಖಾಲಿ ಮಾಡಬೇಡಿ. ಹಳೆಯ ನೀರಿಗೆ ಒಗ್ಗಿಹೋದ ಮೀನಿಗೆ ಆ ಹೊಡೆತ ತಡೆಯುವುದಿಲ್ಲ.

ಹೊಸ ನೀರಿನ ವಿಷಯವೇ ಬೆಂಗಳೂರಿನಲ್ಲಿ ದೊಡ್ಡದು. ಒಂದು ಬೀದಿಗೆ ಕಾವೇರಿ, ಪಕ್ಕದ ಬೀದಿಗೆ ಬೋರ್‌ವೆಲ್, ಬೇಸಿಗೆಯಲ್ಲಿ ಇಬ್ಬರಿಗೂ ಟ್ಯಾಂಕರ್. ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಮೊದಲೇ ನೈಟ್ರೇಟ್ ಇರುತ್ತದೆ. ಅದನ್ನು ತೆಗೆಯಲು ಅದನ್ನೇ ಸುರಿದರೆ ಏನು ಬಂತು? ಆರ್‌ಒ ನೀರೇ ಬೇಕು. ಅಡುಗೆಮನೆಯ ಆರ್‌ಒನಲ್ಲಿ ರುಚಿಗೆ ಅಂತ ಖನಿಜ ಬಿಟ್ಟಿರುತ್ತಾರೆ, ಅದು ಸಾಲದು. ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಇರುವ ಘಟಕ ಹಾಕಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, ಸೊನ್ನೆಗೆ ತನ್ನಿ. ಆರ್‌ಒ ಹೊರಗೆ ಬಿಡುವ ನೀರನ್ನು ದಯವಿಟ್ಟು ಚರಂಡಿಗೆ ಬಿಡಬೇಡಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ನೆನಪಿದೆಯಲ್ಲ. ಆರ್‌ಒ ಹೊರಗೆ ಬಿಟ್ಟ ನೀರು ನಮ್ಮ ಮನೆಯಲ್ಲಿ ನೆಲ ಒರೆಸಲು, ಟಾಯ್ಲೆಟ್‌ಗೆ ಹೋಗುತ್ತದೆ. ತೊಟ್ಟಿಯಿಂದ ತೆಗೆದ ಉಪ್ಪುನೀರು ಮಾತ್ರ ಗಿಡಕ್ಕೆ ಬೇಡವೇ ಬೇಡ.

ಅಡುಗೆ ಉಪ್ಪಿನಿಂದ ಸಮುದ್ರ ಆಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟ್ ಎಲ್ಲ ಇರುವ ಮರೈನ್ ಸಾಲ್ಟ್ ತನ್ನಿ. 20 ಲೀಟರಿಗೆ ಸುಮಾರು ಮುಕ್ಕಾಲು ಕೆ.ಜಿ. ಬೇಕಾಗುತ್ತದೆ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಸುರಿದರೆ ಕ್ಯಾಲ್ಸಿಯಂ ಸುಣ್ಣದ ಹಾಗೆ ತಳ ಹಿಡಿಯುತ್ತದೆ. ಸಣ್ಣ ಪಂಪ್ ಬಿಟ್ಟು ಒಂದು ರಾತ್ರಿ ತಿರುಗಲು ಬಿಡಿ. ಡಿಸೆಂಬರ್ ಚಳಿಯಲ್ಲಿ ಬಕೆಟ್‌ಗೂ ಹೀಟರ್ ಹಾಕಿ, ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ.

ಇನ್ನೊಂದು ಮಾತು. ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ತೊಟ್ಟಿಯ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. 100 ಲೀಟರಿನಲ್ಲಿ 5 ಲೀಟರ್ ಆರಿದರೆ ಸಾವಿರಕ್ಕೆ 35 ಇದ್ದ ಉಪ್ಪಿನ ಪ್ರಮಾಣ 37ರ ಹತ್ತಿರ ಬರುತ್ತದೆ. ಆ ಜಾಗಕ್ಕೆ ಬರೀ ಆರ್‌ಒ ನೀರು ಹಾಕಬೇಕು, ಉಪ್ಪುನೀರಲ್ಲ. ಇದನ್ನೇ ನೀರು ಬದಲಿಸಿದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಎರಡೂ ಬೇರೆ ಬೇರೆ ಕೆಲಸ.

ನಿನ್ನೆ ಸಂಜೆ ಕಲಸಿಟ್ಟ ನೀರು ಈ ನೀಲಿ ಬಕೆಟ್‌ನಲ್ಲಿದೆ. ಉಪ್ಪಿನ ಪ್ರಮಾಣ ಅಳೆಯುವ ರಿಫ್ರ್ಯಾಕ್ಟೋಮೀಟರ್ ತಂದಿದ್ದೇನೆ. ಹತ್ತಿರ ಬನ್ನಿ, ಒಬ್ಬೊಬ್ಬರಾಗಿ ಒಂದು ಹನಿ ಹಾಕಿ ನೋಡಿ. ಗೆರೆ 35ಕ್ಕೆ ಬಂದಿದೆಯಾ ಅಂತ ನೀವೇ ಹೇಳಿ.