ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಉಸಿರು

(ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಮರುವಾರ, ಭಾನುವಾರ ಸಂಜೆ ಕಾರವಾರದಲ್ಲಿ ವೈದ್ಯರೊಬ್ಬರು ಆಡಿದ ಮಾತು)

ಫಾದರ್, ಸಿಸ್ಟರ್‌ಗಳೇ, ಊರಿನ ಹಿರಿಯರೇ, ಎಲ್ಲರಿಗೂ ನಮಸ್ಕಾರ. ಪಾಸ್ಖ ಹಬ್ಬದ ಶುಭಾಶಯ. ಹಬ್ಬ ಮುಗಿದು ವಾರ ಆಯ್ತಲ್ಲ ಅನ್ನಬೇಡಿ, ನಮ್ಮಲ್ಲಿ ಇದು ಐವತ್ತು ದಿನದ ಹಬ್ಬ. ಇಲ್ಲಿ ಕ್ರೈಸ್ತರಲ್ಲದವರೂ ತುಂಬಾ ಜನ ಬಂದಿದ್ದೀರಿ. ನಾನು ಡಾಕ್ಟರು, ಪ್ರವಚನ ಮಾಡುವವನಲ್ಲ. ಅರ್ಧ ಗಂಟೆ ಮಾತಾಡಿ ಅಂದರು ಫಾದರ್. ಒಬ್ಬ ರೋಗಿಗೆ ಐದು ನಿಮಿಷ ಕೊಟ್ಟು ರೂಢಿಯಾದವನಿಗೆ ಅದು ಜಾಸ್ತಿನೇ.

ಇವತ್ತು ಬೆಳಿಗ್ಗೆ ಪೂಜೆಯಲ್ಲಿ ಬೈಬಲಿನ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯ ಓದಿದರು. ಪ್ರತಿ ವರ್ಷ ಈ ಭಾನುವಾರ ಅದೇ ಭಾಗ. ಯೇಸು ಶಿಲುಬೆಯಲ್ಲಿ ಸತ್ತು ಮೂರನೇ ದಿನ. ಶಿಷ್ಯರು ಹೆದರಿ ಬಾಗಿಲು ಭದ್ರ ಮಾಡಿಕೊಂಡು ಒಳಗೆ ಕೂತಿದ್ದಾರೆ. ಯೇಸು ಬಂದು ನಡುವೆ ನಿಲ್ಲುತ್ತಾರೆ. ಕೈಯ ಗಾಯ, ಪಕ್ಕೆಯ ಗಾಯ ತೋರಿಸುತ್ತಾರೆ. ಆಮೇಲೆ ಅವರ ಮೇಲೆ ಉಸಿರು ಊದುತ್ತಾರೆ.

ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಆ ಉಸಿರು ನನ್ನ ಕಿವಿಗೆ ಬಿದ್ದದ್ದು 2020ರಲ್ಲಿ. ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್. ಏಪ್ರಿಲ್ 12ಕ್ಕೆ ಪಾಸ್ಖ, ಚರ್ಚಿಗೆ ಬೀಗ. ಮುಂದಿನ ಭಾನುವಾರ ಡ್ಯೂಟಿ ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಪೂಜೆ ನೋಡುತ್ತಿದ್ದೆ. ಬಾಗಿಲು ಹಾಕಿದ ಕೋಣೆ. ಒಳಗೆ ಹತ್ತು ಜನ. ಒಬ್ಬರು ಬಂದು ಎಲ್ಲರ ಮೇಲೂ ಉಸಿರು ಊದುತ್ತಾರೆ. ಸತ್ಯ ಹೇಳ್ತೇನೆ, ನನಗೆ ಭಕ್ತಿ ಬರಲಿಲ್ಲ. "ಅಯ್ಯೋ, ಮೊದಲು ಕಿಟಕಿ ತೆಗೀರಿ" ಅನಿಸಿತು.

ನಗಬಹುದು ನೀವು. ಆದರೆ ಆಗ ನಮ್ಮ ಕೆಲಸ ಪೂರಾ ಅದೇ ಆಗಿತ್ತು, ಯಾರ ಉಸಿರು ಯಾರಿಗೂ ತಾಗದ ಹಾಗೆ ನೋಡಿಕೊಳ್ಳೋದು. ಮೊದಲು ಕೆಮ್ಮಿದ ಹನಿಯಿಂದ ಮಾತ್ರ ಹರಡುತ್ತದೆ ಅಂದರು. ಸಾಮಾನು, ತರಕಾರಿ, ನೋಟು ಎಲ್ಲ ಒರೆಸಿದೆವು. ಆಮೇಲೆ ಗೊತ್ತಾಯಿತು, ಗಾಳಿಯಲ್ಲೇ ತೇಲುತ್ತದೆ, ಮುಚ್ಚಿದ ಕೋಣೆಯೇ ದೊಡ್ಡ ಅಪಾಯ. ನಮ್ಮ ಅಜ್ಜಿಯ ಹಂಚಿನ ಮನೆಯ ದೊಡ್ಡ ಕಿಟಕಿ ಏಸಿ ರೂಮಿಗಿಂತ ಒಳ್ಳೆಯದಿತ್ತು.

ರೋಗಕ್ಕೂ ಮೊದಲು ಬಂದದ್ದು ಇನ್ನೊಂದು, ಯಾರ ತಪ್ಪು ಅನ್ನುವ ಹುಡುಕಾಟ. ಜಿಲ್ಲೆಯಲ್ಲಿ ಮೊದಲು ಭಟ್ಕಳದಲ್ಲಿ ಸೋಂಕು ಹೆಚ್ಚಿತು. ಸರಿ, ಭಟ್ಕಳದವರು ಅಂದರೆ ಸಾಕು, ಜನ ದೂರ ಸರಿಯುತ್ತಿದ್ದರು. ಅಲ್ಲಿಂದ ಬಂದ ಹಲವರನ್ನು ನೋಡಿಕೊಂಡದ್ದು ಇಲ್ಲೇ ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆ. ಹುಟ್ಟು ಕುರುಡನೊಬ್ಬನನ್ನು ನೋಡಿ ಶಿಷ್ಯರು ಯೇಸುವನ್ನು ಕೇಳುತ್ತಾರೆ, ಇದು ಇವನ ಪಾಪವೋ, ಇವನ ಅಪ್ಪ ಅಮ್ಮನ ಪಾಪವೋ ಅಂತ. ಎರಡೂ ಅಲ್ಲ ಅನ್ನುತ್ತಾರೆ ಯೇಸು. ಮಣ್ಣಿಗೆ ಉಗುಳಿ, ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚುತ್ತಾರೆ. ದೇವರು ಕೊಟ್ಟ ಶಿಕ್ಷೆ ಇದು ಅಂತ ಆಗ ನಮ್ಮವರೂ ಕೆಲವರು ಹೇಳಿದರು. ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಇನ್ನು ಶಿಷ್ಯರಲ್ಲೊಬ್ಬ, ತೋಮ. ಮೊದಲ ದಿನ ಆ ಕೋಣೆಯಲ್ಲಿ ಅವನಿರಲಿಲ್ಲ. ಗಾಯಕ್ಕೆ ಬೆರಳು ಇಟ್ಟು ನೋಡದೆ ನಂಬೋದಿಲ್ಲ ಅಂದ. ಸಂಶಯದ ತೋಮ ಅಂತ ಅವನನ್ನು ಆಡಿಕೊಳ್ಳುತ್ತೇವೆ, ಅಲ್ವಾ? ಡಾಕ್ಟರಾಗಿ ನಾನು ಅವನ ಪಕ್ಷ. 2020ರ ಮಾರ್ಚಿನಲ್ಲಿ ಮಲೇರಿಯಾ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬಂತು. ನಂಬಿ ನಾವೇ ನುಂಗಿದೆವು, ರೋಗಿಗಳಿಗೂ ಕೊಟ್ಟೆವು. ಬ್ರಿಟನ್ನಿನಲ್ಲಿ ಸಾವಿರಾರು ರೋಗಿಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ ನೋಡಿದರೆ ಅದರಿಂದ ಪ್ರಯೋಜನವೇ ಇಲ್ಲ. ಅದೇ ಪರೀಕ್ಷೆಯಿಂದ ಜೂನ್ 16ಕ್ಕೆ ಇನ್ನೊಂದು ಸುದ್ದಿ ಬಂತು. ಡೆಕ್ಸಾಮೆಥಾಸೋನ್, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ, ಹಳೇ ಔಷಧ. ವೆಂಟಿಲೇಟರ್ ಹಾಕಿದವರಲ್ಲಿ ಸಾವು ಮೂರರಲ್ಲಿ ಒಂದು ಪಾಲು ಇಳಿಯಿತು. ಬರೀ ಆಕ್ಸಿಜನ್ ಬೇಕಾದವರಲ್ಲಿ ಐದರಲ್ಲಿ ಒಂದು ಪಾಲು. ಆಕ್ಸಿಜನ್ ಬೇಡದವರಿಗೆ ಕೊಟ್ಟರೆ ಮಾತ್ರ ಏನೂ ಲಾಭ ಇಲ್ಲ. ಬೆರಳಿಟ್ಟು ನೋಡಿದ್ದಕ್ಕೆ ಇದೆಲ್ಲ ಗೊತ್ತಾಯಿತು. ನೀವು ಗಮನಿಸಿದ್ದೀರೋ ಇಲ್ಲವೋ, ಯೇಸು ತೋಮನನ್ನು ಕೋಣೆಯಿಂದ ಹೊರಗೆ ಹಾಕಲಿಲ್ಲ. ಬಾ, ಮುಟ್ಟಿ ನೋಡು ಅಂದರು.

2021ರ ಮೇ ತಿಂಗಳಿಗೆ ಬರುತ್ತೇನೆ. ನಾನಿದ್ದ ಆಸ್ಪತ್ರೆಯ ಹೆಸರು ಬೇಡ. ದೊಡ್ಡ ಕಾಯಿಲೆ ಅಂದರೆ ನಮ್ಮ ಜಿಲ್ಲೆಯವರು ಗೋವಾಕ್ಕೋ, ಹುಬ್ಬಳ್ಳಿಗೋ, ಮಣಿಪಾಲಕ್ಕೋ ಓಡುವುದು ನಿಮಗೆ ಗೊತ್ತೇ ಇದೆ. ಆಗ ಓಡುವುದಕ್ಕೂ ಜಾಗ ಇರಲಿಲ್ಲ, ಎಲ್ಲ ಕಡೆ ಭರ್ತಿ. ನನ್ನ ಜೇಬಿನಲ್ಲಿ ಒಂದು ಚೀಟಿ, ಅದರ ಮೇಲೆ ಬರೀ ಲೆಕ್ಕ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್. ಒಬ್ಬರಿಗೆ ನಿಮಿಷಕ್ಕೆ 15 ಲೀಟರ್ ಬಿಟ್ಟರೆ ಏಳು ಮುಕ್ಕಾಲು ಗಂಟೆ. ರಾತ್ರಿ ಹತ್ತಕ್ಕೆ ಹೊಸದು ಹಾಕಿದರೆ ಬೆಳಗಿನ ಜಾವ ಆರಕ್ಕೆ ಮುಂಚೆ ಖಾಲಿ. ಗಾಡಿ ಘಟ್ಟ ಇಳಿಯಿತಾ ಅಂತ ಕೇಳಿ ಕೇಳಿ ಸಾಕಾಗುತ್ತಿತ್ತು. ಜಪಮಾಲೆ ಹಿಡಿಯುವ ಕೈಯಲ್ಲಿ ಸ್ಪ್ಯಾನರ್ ಹಿಡಿದದ್ದೇ ಜಾಸ್ತಿ. ಪ್ರಾರ್ಥನೆ ಮಾಡಿದಿರಾ ಅಂತ ಆಮೇಲೆ ಯಾರೋ ಕೇಳಿದರು. ಲೆಕ್ಕ ಮಾಡಿದೆ ಅಂದೆ.

ಉಸಿರಾಟ ಕಷ್ಟವಾದವರನ್ನು ಬೋರಲು ಮಲಗಿಸುತ್ತಿದ್ದೆವು. ಶ್ವಾಸಕೋಶದ ಹೆಚ್ಚಿನ ಭಾಗ ಬೆನ್ನಿನ ಕಡೆ ಇದೆ. ಅಂಗಾತ ಮಲಗಿದರೆ ಅದು ಒತ್ತಿಕೊಳ್ಳುತ್ತದೆ, ಬೋರಲಾದರೆ ಬಿಚ್ಚಿಕೊಳ್ಳುತ್ತದೆ. ಒಂದು ರಾತ್ರಿ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಸಾಲಾಗಿ ಎಲ್ಲರೂ ಬೋರಲು, ಮುಖ ಒಂದು ಬದಿಗೆ. ಶುಭ ಶುಕ್ರವಾರ ಪ್ರಾರ್ಥನೆ ಶುರುವಾಗುವಾಗ ಗುರುಗಳು ಏನೂ ಮಾತಾಡದೆ ಬಲಿಪೀಠದ ಮುಂದೆ ನೆಲಕ್ಕೆ ಬೋರಲು ಬೀಳುತ್ತಾರೆ. ಅದು ನೆನಪಾಯಿತು. ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಸಿರಿಗಾಗಿ ಬಿದ್ದಿದ್ದರು, ಅಷ್ಟೆ. ಆ ವರ್ಷದ ಶುಭ ಶುಕ್ರವಾರ ನನಗೆ ಅವತ್ತು ಬಂತು.

ಸುಮಾರು 260ನೇ ಇಸವಿಯಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ದಿಯೊನೀಸಿಯಸ್ ಪಾಸ್ಖಕ್ಕೆ ಒಂದು ಪತ್ರ ಬರೆದರು. ಊರಿಗೆ ಮಾರಿ ಬಂದಿತ್ತು. ರೋಗಿಗಳ ಸೇವೆ ಮಾಡಿದ ನಮ್ಮವರು ಅದೇ ರೋಗ ತಗುಲಿಸಿಕೊಂಡು ಸತ್ತರು ಅಂತ ಮೆಚ್ಚಿ ಬರೆದಿದ್ದಾರೆ. ಅವರ ಮೇಲೆ ಗೌರವ ಇದೆ. ಆದರೆ ನಮ್ಮ ನರ್ಸ್‌ಗಳಿಗೆ ನಾನು ಹೇಳಿದ್ದು ಬೇರೆ. ಮಾಸ್ಕ್ ಸರಿಯಾಗಿ ಹಾಕಿ, ನೀವು ಮಲಗಿಬಿಟ್ಟರೆ ಈ ಮೂವತ್ತು ಜನರನ್ನು ನೋಡೋರು ಯಾರು ಅಂತ.

ಬೈತಖೋಲ್ ಕಡೆಯ ಮೀನುಗಾರರೊಬ್ಬರು ಇದ್ದರು, ಅರವತ್ತು ದಾಟಿದವರು. ಹೇಗಿದೆ ಅಂತ ಕೇಳಿದರೆ ಹೇಳಿದರು, "ರಂಪಣಿ ಬಲೆ ಒಬ್ಬನೇ ಎಳೆದ ಹಾಗೆ ಆಗ್ತದೆ ಡಾಕ್ಟ್ರೇ." ನಲವತ್ತು ಐವತ್ತು ಜನ ಸೇರಿ ದಡಕ್ಕೆ ಎಳೆಯುವ ಬಲೆ ಅದು. ಯಾವ ಪುಸ್ತಕದಲ್ಲೂ ಉಬ್ಬಸವನ್ನು ಇಷ್ಟು ಸರಿಯಾಗಿ ಬರೆದದ್ದು ನಾನು ಓದಿಲ್ಲ. ಪಕ್ಕದ ಹಾಸಿಗೆಯ ಕ್ರೈಸ್ತ ಅಜ್ಜಿ ನೀರು ಕೊಟ್ಟರೂ, ಸೂಜಿ ಚುಚ್ಚಿದರೂ "ದೇವ್ ಬರೆಂ ಕರುಂ" ಅನ್ನುತ್ತಿದ್ದರು. ಹಾಗಂದರೆ ಏನು ಅಂತ ಇವರು ಕೇಳಿದರು. ದೇವರು ಒಳ್ಳೇದು ಮಾಡಲಿ ಅಂತ, ನಮ್ಮ ಕೊಂಕಣಿಯಲ್ಲಿ ಥ್ಯಾಂಕ್ಸ್ ಹೇಳೋದೇ ಹೀಗೆ ಅಂದೆ. "ಸೂಜಿಗೂ ಹೇಳ್ತಾರಾ?" ಅಂದರು. ಅಷ್ಟು ಮಾತಿಗೇ ಆಕ್ಸಿಮೀಟರ್ 86ಕ್ಕೆ ಇಳಿಯಿತು.

ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಆ ದಿನ ಕಡಲು ಎದ್ದು ನಿಂತಿತ್ತು. ಕರೆಂಟು ಹೋಗಿ ಬರುತ್ತಿತ್ತು. ಮಳೆ ಹೊಡೆಯುತ್ತದೆ ಅಂತ ವಾರ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆ ಮೀನುಗಾರರು ಕೈಸನ್ನೆ ಮಾಡಿ ನನ್ನನ್ನು ಕರೆದರು. ಮಾಸ್ಕಿನ ಪಟ್ಟಿ ಕೆನ್ನೆಯ ಮೇಲೆ ಕೆಂಪಗೆ ಗೆರೆ ಮಾಡಿತ್ತು. ಕಿಟಕಿ ತೋರಿಸಿದರು. ಬೇಡ, ಮಳೆ ಅಂದೆ. ಮತ್ತೆ ತೋರಿಸಿದರು. ಉಳಿಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಚಿಲಕ ತುಕ್ಕು ಹಿಡಿದಿತ್ತು. ಎರಡು ಗ್ಲೌಸ್ ಹಾಕಿದ ಕೈಯಲ್ಲಿ ಎಳೆದು ತೆಗೆದೆ. ಉಪ್ಪು ಗಾಳಿ ರಪ್ಪಂತ ಒಳಗೆ ಬಂತು. ಕೇಸ್ ಶೀಟುಗಳು ಹಾರಿದವು. ಸಿಸ್ಟರ್ ಓಡಿ ಬಂದು ಅವುಗಳ ಮೇಲೆ ಡೆಕ್ಸಾ ಡಬ್ಬ ಇಟ್ಟು, ನನ್ನ ಕಡೆ ನೋಡಿ, ಆ ಕಡೆಯ ಇನ್ನೊಂದು ಕಿಟಕಿಯನ್ನೂ ತೆಗೆದರು.