ಬೀದಿಯ ದನಿ ಕೇಳಿ ನಡೆಯುವ ಊರು

ಕೇಳುಗರಿಗೆ ನಮಸ್ಕಾರ.

ಮೆಕ್ಸಿಕೊ ನಗರಕ್ಕೆ ಬಂದು ನೆಲೆಸುವ ಪರದೇಶದವರಿಗೆ ವೀಸಾ, ಭಾಷೆ, ಊಟ ಇವುಗಳ ಬಗ್ಗೆ ಬುದ್ಧಿ ಹೇಳಲು ಬೇಕಾದಷ್ಟು ಜನ ಸಿಗುತ್ತಾರೆ. ಕಿವಿ ತೆರೆದಿಟ್ಟುಕೊಳ್ಳಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಇಲ್ಲಿನ ಸಂಸಾರ ಅರ್ಧಕ್ಕರ್ಧ ನಡೆಯುವುದು ಕಿವಿಯ ಮೇಲೆಯೇ. ಕಸ ಯಾವಾಗ ಕೊಡಬೇಕು, ನೀರಿನವನು ಬಂದನೇ, ಗ್ಯಾಸಿನವನು ಹೋಗಿಬಿಟ್ಟನೇ, ಯಾವ ಗಳಿಗೆಯಲ್ಲಿ ಮನೆ ಬಿಟ್ಟು ಹೊರಗೆ ಓಡಬೇಕು, ಇದೆಲ್ಲವನ್ನೂ ಬೀದಿಯೇ ಕೂಗಿ ಹೇಳುತ್ತದೆ.

ಬೆಳಗಾದರೆ ಕಸದ ಗಂಟೆ. ಲಾರಿ ಬರುವ ಮೊದಲು ಒಬ್ಬ ಕೆಲಸಗಾರ ಕೈಯಲ್ಲಿ ಗಂಟೆ ಹಿಡಿದು ಅಲ್ಲಾಡಿಸುತ್ತ ಬರುತ್ತಾನೆ. ಹಸಿ ಕಸ ಒಂದು ಚೀಲ, ಒಣ ಕಸ ಇನ್ನೊಂದು ಚೀಲ ಹಿಡಿದು ಇಡೀ ವಠಾರ ಮೆಟ್ಟಿಲಿಳಿಯುತ್ತದೆ. ಒಂದೆರಡು ನಾಣ್ಯ ಅವನ ಕೈಗೆ ಹೋಗುತ್ತದೆ. ಲಾರಿ ಬರುವಷ್ಟರಲ್ಲಿ ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಮನೆಯ ತೊಟ್ಟಿಗೆ ನೀರು ಬಂದಿಲ್ಲ ಎಂಬ ಸುದ್ದಿ ಎಲ್ಲರಿಗೂ ಮುಟ್ಟಿರುತ್ತದೆ. ಎದುರಾದವರಿಗೆಲ್ಲ 'ಬುಯೆನೋಸ್ ದಿಯಾಸ್', ಅಂದರೆ ಶುಭೋದಯ, ಹೇಳಲೇಬೇಕು. ಗುರುತು ಪರಿಚಯ ಇಲ್ಲದಿದ್ದರೂ ಹೇಳಬೇಕು. ಹೇಳದೆ ಹೋದವರನ್ನು ಇಲ್ಲಿನವರು ಮರೆಯುವುದಿಲ್ಲ.

ನಲ್ಲಿಯ ನೀರು ಸ್ನಾನಕ್ಕೆ, ಪಾತ್ರೆಗೆ. ಕುಡಿಯಲು 20 ಲೀಟರಿನ ಕ್ಯಾನನ್ನು ಮೂರು ಗಾಲಿಯ ಸೈಕಲ್ಲಿನಲ್ಲಿ ಹೇರಿಕೊಂಡು ಬರುವವನೇ ಗತಿ. ಈ ಊರು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅದರ ನಡುಭಾಗ ನಿಂತಿರುವುದು ಬತ್ತಿಸಿದ ಸರೋವರದ ಮೇಲೆ. ಕುಟ್ಸಮಾಲಾ ಎಂಬ ಯೋಜನೆಯಲ್ಲಿ ದೂರದ ಜಲಾಶಯಗಳ ನೀರನ್ನು ಸಾವಿರ ಮೀಟರಿಗೂ ಹೆಚ್ಚು ಮೇಲೆತ್ತಿ ತರುತ್ತಾರೆ. ಹೆಚ್ಚಿನ ಪಾಲಿನ ನೀರು ನೆಲದಡಿಯಿಂದಲೇ ಬರುತ್ತದೆ. ಹೀಗೆ ಹೀರಿ ಹೀರಿ ಊರು ವರ್ಷವರ್ಷವೂ ಕುಸಿಯುತ್ತಿದೆ.

ಮಧ್ಯಾಹ್ನ ಗುಜರಿಯವನ ಗಾಡಿಯಿಂದ ಒಬ್ಬ ಹುಡುಗಿಯ ರಾಗದ ದನಿ ಕೇಳುತ್ತದೆ. ಹಳೆಯ ಹಾಸಿಗೆ, ಒಲೆ, ಫ್ರಿಡ್ಜ್, ಬಟ್ಟೆ ಒಗೆಯುವ ಯಂತ್ರ, ಹಳೇ ಕಬ್ಬಿಣ ಏನಿದ್ದರೂ ಕೊಳ್ಳುತ್ತೇವೆ ಎನ್ನುತ್ತದೆ ಆ ದನಿ. 2004ರ ಸುಮಾರಿಗೆ ಗುಜರಿ ವ್ಯಾಪಾರಿಯೊಬ್ಬರು ದಿನವಿಡೀ ಕೂಗಿ ಗಂಟಲು ನೋಯಿಸಿಕೊಳ್ಳುವುದು ಸಾಕೆಂದು ತಮ್ಮ ಪುಟ್ಟ ಮಗಳಿಂದ ಇದನ್ನು ಹೇಳಿಸಿ ಧ್ವನಿಮುದ್ರಣ ಮಾಡಿಕೊಂಡರು. ಅದು ಕೈಯಿಂದ ಕೈಗೆ ಹರಡಿ ಇಡೀ ದೇಶದ ಗುಜರಿ ಗಾಡಿಗಳ ದನಿಯಾಯಿತು. ಆ ಮಗು ಬೆಳೆದು ದೊಡ್ಡವಳಾಗಿದ್ದಾಳೆ. ದನಿ ಮಾತ್ರ ಅಷ್ಟೇ ಎಳೆಯದಾಗಿ ಬೀದಿ ಸುತ್ತುತ್ತಿದೆ.

ಸಾಣೆ ಹಿಡಿಯುವವನು ಸಾಲುಕೊಳಲನ್ನು ಏರುದನಿಯಿಂದ ಇಳಿದನಿಗೆ ಒಮ್ಮೆ ಊದಿ, ಸೈಕಲ್ಲನ್ನು ನಿಲ್ಲಿಸಿ, ಅದರ ಚಕ್ರದಿಂದಲೇ ಸಾಣೆಕಲ್ಲು ತಿರುಗಿಸುತ್ತಾನೆ. ಕತ್ತಲಾದ ಮೇಲೆ ಗೆಣಸಿನ ಗಾಡಿ ಬರುತ್ತದೆ. ತಗಡಿನ ಒಲೆ, ಒಳಗೆ ಸೌದೆಯ ಬೆಂಕಿ, ಮೇಲೊಂದು ಹೊಗೆ ಕೊಳವೆ. ಗಾಡಿಯವನು ಹಬೆಯನ್ನು ತಡೆದು ಒಮ್ಮೆಲೇ ಬಿಟ್ಟಾಗ ಏಳುವ ಆ ಉದ್ದನೆಯ ಸೀಟಿ ಕೊನೆಗೆ ಬರುವ ಹೊತ್ತಿಗೆ ಅಳುವಂತೆ ಇಳಿಯುತ್ತದೆ. ಮೊದಲ ಸಲ ಕೇಳಿದವರು ಬೆಚ್ಚಿಬೀಳುತ್ತಾರೆ. ಕೆಳಗಿಳಿದು ಹೋದರೆ ಅವನು ಡ್ರಾಯರ್ ಎಳೆದು, ಸಿಪ್ಪೆ ಸುಕ್ಕುಗಟ್ಟಿದ ಗೆಣಸನ್ನು ತೆಗೆದು, ಸೀಳಿ, ಮೇಲೆ ಗಟ್ಟಿ ಹಾಲು ಸುರಿದು ಕೊಡುತ್ತಾನೆ. ಶಿವರಾತ್ರಿಯ ಸುಮಾರಿಗೆ ನಮ್ಮಲ್ಲಿ ಬೇಯಿಸುವ ಗೆಣಸು ಕೂಡ ಅಮೆರಿಕ ಖಂಡದಿಂದಲೇ ಬಂದದ್ದು. ಮೆಣಸಿನಕಾಯಿಯೂ ಅಷ್ಟೇ, ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂತು. ಇಲ್ಲಿನ ಸಂತೆಯಲ್ಲಿ ಸೀತಾಫಲ, ಸಪೋಟ, ಸೀಬೆ, ಚೆಂಡುಹೂ ಕಂಡಾಗ ನನಗೆ ಪರದೇಶದಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ.

ಇನ್ನು ಎಲ್ಲರ ಎದೆ ನಡುಗಿಸುವ ದನಿಯೊಂದಿದೆ. ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಏರಿ ಇಳಿಯುವ ಸೈರನ್ನು, ಅದರ ನಡುವೆ ಗಂಡಸಿನ ದನಿಯಲ್ಲಿ 'ಅಲೆರ್ತಾ ಸಿಸ್ಮಿಕಾ', ಅಂದರೆ ಭೂಕಂಪದ ಎಚ್ಚರಿಕೆ. 1985ರ ಸೆಪ್ಟೆಂಬರ್ 19ರ ಬೆಳಗ್ಗೆ 7.19ಕ್ಕೆ ಬಂದ ಭೂಕಂಪದಲ್ಲಿ ಸಾವಿರಾರು ಜನ ಸತ್ತ ಮೇಲೆ ಹುಟ್ಟಿದ ವ್ಯವಸ್ಥೆ ಇದು. ಕಂಪನ ಹೆಚ್ಚಾಗಿ ಹುಟ್ಟುವುದು ನೂರಾರು ಕಿಲೋಮೀಟರ್ ದೂರದ ಪೆಸಿಫಿಕ್ ಕರಾವಳಿಯಲ್ಲಿ. ನೆಲದ ಅಲೆಗಿಂತ ರೇಡಿಯೊ ಅಲೆ ವೇಗವಾಗಿ ಬರುವುದರಿಂದ ಒಂದು ನಿಮಿಷದಷ್ಟು ಕಾಲಾವಕಾಶ ಸಿಗುತ್ತದೆ. 2017ರಲ್ಲಿ ಅದೂ ಸಿಗಲಿಲ್ಲ. ಅದೇ ಸೆಪ್ಟೆಂಬರ್ 19, ಬೆಳಗ್ಗೆ 11 ಗಂಟೆಗೆ ಎಲ್ಲರೂ ಅಣಕು ಕವಾಯತು ಮುಗಿಸಿದ್ದರು. ಎರಡು ಗಂಟೆ ಕಳೆದ ಮೇಲೆ ಹತ್ತಿರದಲ್ಲೇ ನೆಲ ಬಿರಿಯಿತು, ಸೈರನ್ನೂ ನಡುಕವೂ ಒಟ್ಟಿಗೇ ಬಂದವು. ಕುಸಿದ ಕಟ್ಟಡಗಳ ಮೇಲೆ ರಕ್ಷಣೆಗೆ ನಿಂತವರು ಮುಷ್ಟಿ ಮೇಲೆತ್ತಿದರೆ ಸುತ್ತಲಿನ ನೂರಾರು ಜನ ತಟ್ಟನೆ ಸುಮ್ಮನಾಗುತ್ತಿದ್ದರು. ಅವಶೇಷಗಳ ಅಡಿಯಿಂದ ಯಾರಾದರೂ ಕೂಗುತ್ತಿದ್ದಾರೆಯೇ ಎಂದು ಆಲಿಸಲು.

2022ರ ಸೆಪ್ಟೆಂಬರ್ 22ರ ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ ಸೈರನ್ ಮೊಳಗಿದಾಗ ನಮ್ಮ ವಠಾರವೆಲ್ಲ ರಾತ್ರಿಯುಡುಪಿನಲ್ಲೇ ಬೀದಿಗೆ ಬಂತು. ವಿದ್ಯುತ್ ತಂತಿಗಳು ತೂಗಾಡುತ್ತಿದ್ದವು. ಕೆಳಮನೆಯ ಅಜ್ಜಿ, 1985ನ್ನು ಕಣ್ಣಾರೆ ಕಂಡವರು, ಬಾಗಿಲ ಹಿಂದೆ ಸದಾ ತೂಗುಹಾಕಿರುವ ಚೀಲವನ್ನು ಹೆಗಲಿಗೇರಿಸಿಕೊಂಡೇ ಬಂದಿದ್ದರು. ಅದರಲ್ಲಿ ಕಾಗದಪತ್ರ, ಟಾರ್ಚ್, ನೀರು, ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು. ನಡುಕ ನಿಂತ ಮೇಲೆ ಆ ಬ್ರೆಡ್ಡನ್ನು ಮುರಿದು ನನ್ನ ಕೈಗಿಟ್ಟು, 'ತಿನ್ನು ಮಗಳೇ, ಹೆದರಿಕೆ ಇಳಿಯುತ್ತದೆ' ಎಂದರು. ಹೆದರಿದವರಿಗೆ ಬ್ರೆಡ್ಡು ತಿನ್ನಿಸುವುದು ಇಲ್ಲಿನ ವಾಡಿಕೆ. ನಿಂತಲ್ಲೇ ತಿಂದೆ. ವಲಸೆ ಕಚೇರಿ ನನಗೆ ಕೊಟ್ಟ 18 ಅಕ್ಷರಗಳ ಗುರುತಿನ ಸಂಖ್ಯೆಯಲ್ಲಿ ವಿದೇಶದಲ್ಲಿ ಹುಟ್ಟಿದವಳು ಎಂಬ ಗುರುತು ಸಾಯುವವರೆಗೂ ಇರುತ್ತದೆ, ಇರಲಿ. ಆ ರಾತ್ರಿ ನಾನು ಈ ಬೀದಿಯವಳಾದೆ.

ಆದ್ದರಿಂದಲೇ ಈಗ ಆಗುತ್ತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. 2020ರ ನಂತರ ರೋಮಾ, ಕೊಂದೇಸಾ ಮುಂತಾದ ಬಡಾವಣೆಗಳಿಗೆ ಡಾಲರ್ ಸಂಬಳದ ಪರದೇಶದವರು ಬಂದು ತುಂಬಿಕೊಂಡರು. ಬಾಡಿಗೆ ಏರಿತು, ತಲೆಮಾರುಗಳಿಂದ ಇದ್ದವರು ಊರಾಚೆಗೆ ಹೋಗಬೇಕಾಯಿತು. 2025ರ ಜುಲೈ 4ರಂದು ಜನ ಬೀದಿಗಿಳಿದು ಮೆರವಣಿಗೆ ಮಾಡಿದರು. ಹೊಸದಾಗಿ ಬಂದ ಕೆಲವರು ಗುಜರಿ ಗಾಡಿಯ ಗದ್ದಲ ಸಹಿಸಲಾಗುವುದಿಲ್ಲ ಎನ್ನುವುದನ್ನು ನಾನೇ ಕೇಳಿದ್ದೇನೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಕೂಗು ಒಬ್ಬರ ಅಂದಿನ ಅನ್ನ. ಇಲ್ಲಿಗೆ ಬರುವ ಹಕ್ಕು ನಮಗಿದೆ ಎಂದಾದರೆ ಅವರ ದುಡಿಮೆಯ ದನಿಯನ್ನು ಕೇಳುವ ಹೊಣೆಯೂ ನಮ್ಮದೇ.

ಹಿಂದಿನ ವರ್ಷದ ಹಣದುಬ್ಬರಕ್ಕಿಂತ ಹೆಚ್ಚು ಬಾಡಿಗೆ ಏರಿಸುವಂತಿಲ್ಲ, ಕರಾರನ್ನು ನೋಂದಾಯಿಸಬೇಕು ಎಂದು 2024ರಲ್ಲಿ ನಗರ ಕಾನೂನು ತಂದಿದೆ. ನಮ್ಮ ವಠಾರದಲ್ಲಿ ಅನೇಕರ ಕರಾರು ಇನ್ನೂ ಬಾಯಿಮಾತಿನದು, ಅಜ್ಜಿಯದೂ ಸೇರಿ. ಈಗ ಒಂದೊಂದೇ ಮನೆಯ ರಸೀದಿಗಳನ್ನು ಜೋಡಿಸುತ್ತಿದ್ದೇವೆ. ಮುಂದಿನ ವಾರ ಎಲ್ಲರೂ ಸೇರಿ ಮಾಲೀಕರ ಮುಂದೆ ಕೂತು ಕರಾರನ್ನು ಕಾಗದಕ್ಕೆ ಇಳಿಸಿ ಎಂದು ಕೇಳಲಿದ್ದೇವೆ.

ನಮಸ್ಕಾರ.